ಸೊನ್ನೆ ಗೆಲ್ಲಿಸಿದ ಜಿಗಿತ

ಗಣಿತದ ಟೀಚರು ಡ್ರಿಲ್ ಮೇಷ್ಟ್ರನ್ನು ಮೊದಲು ಕಂಡದ್ದು ಉದ್ದಜಿಗಿತದ ಮರಳುಗುಂಡಿಯ ಬಳಿ. 2.35 ಮೀಟರ್ ಜಿಗಿದವಳೇ ಮೊದಲಿಗಳೆಂದು ಮೇಷ್ಟ್ರು ಕೂಗಿದ್ದರು, 2.4 ಜಿಗಿದ ಆರನೇ ತರಗತಿಯ ಹುಡುಗಿ ಅಳುತ್ತಿದ್ದಳು.

"ನಾಲ್ಕಕ್ಕಿಂತ ಮೂವತ್ತೈದು ದೊಡ್ಡದಲ್ವಾ ಮೇಡಂ?" ಎಂದರು ಮೇಷ್ಟ್ರು, ಮೀಸೆ ತಿರುವುತ್ತಾ.

"ಸಾರ್, ಚುಕ್ಕಿ ಆದ್ಮೇಲೆ ಮೊದಲನೇ ಸ್ಥಾನ ಹತ್ತನೇ ಭಾಗದ್ದು. ಇವಳಿಗೆ ನಾಲ್ಕು, ಅವಳಿಗೆ ಮೂರೇ. ನಾಲ್ಕರ ಪಕ್ಕ ಸೊನ್ನೆ ಹಾಕಿ ನೋಡಿ, ನಲವತ್ತು!"

ಮೇಷ್ಟ್ರು ಟೇಪು ಬಿಚ್ಚಿದರು. ಮೂವತ್ತೈದರಿಂದ ಐದು ಸೆಂಟಿಮೀಟರ್ ಆಚೆ ನಲವತ್ತು ನಗುತ್ತಿತ್ತು. ಇಂಗು ತಿಂದ ಮಂಗನಂತಾದ ಮೇಷ್ಟ್ರು ಬಹುಮಾನವನ್ನು ಅಳುತ್ತಿದ್ದವಳ ಕೈಗಿತ್ತರು. ಮರುದಿನದಿಂದ ಟೀಚರ ತರಗತಿಯಲ್ಲಿ ಆ ಹುಡುಗಿಯ ಹಿಂದಿನ ಬೆಂಚಿನಲ್ಲೇ ಮೊಣಕಾಲು ಮಡಚಿ ಕೂತು ದಶಮಾಂಶ ಕಲಿತರು.

ಈಗ ಮೇಷ್ಟ್ರು ನಿವೃತ್ತರು. ಮೊಮ್ಮಗಳಿಗೆ ಕೂಡುವ ಲೆಕ್ಕ ಹೇಳಿಕೊಡುತ್ತಾರೆ. ಚುಕ್ಕಿಯ ಕೆಳಗೆ ಚುಕ್ಕಿ ಬರದಿದ್ದರೆ ಸೀಟಿ ಊದುತ್ತಾರೆ: "ಎಲ್ಲರನ್ನೂ ಲೈನಲ್ಲಿ ನಿಲ್ಸು ಪುಟ್ಟಿ!"