ಕುಬಸವಿಲ್ಲದ ಮನೆ

ಅವರ ಕುತ್ತಿಗೆ ಸದಾ ಎಡಕ್ಕೆ ವಾಲಿರುತ್ತಿತ್ತು. ಕಿವಿಗೂ ಭುಜಕ್ಕೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಬಸುರಿಯ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಾ ಮಾತಾಡಿ ಮಾತಾಡಿ ಆ ವಾಲು ಹಾಗೇ ಉಳಿದುಬಿಟ್ಟಿತ್ತು. ಮಾನ್ವಿ ತಾಲೂಕಿನಲ್ಲಿ ನಾನು ನರ್ಸಾಗಿ ಸೇರಿದಾಗ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಅವರು. "ಉಂಡಿಯೇನವಾ?" ಎಂದು ಕೇಳಿದ ಮೇಲೆಯೇ ಬೈಗುಳ ಶುರುವಾಗುತ್ತಿತ್ತು.

ನಮ್ಮ ಕಡೆ ಚೊಚ್ಚಲ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡಿ, ಉಡಿ ತುಂಬಿ, ತವರಿಗೆ ಕಳಿಸುತ್ತಾರೆ. ಹೋದದ್ದು ಗಂಡನೂರಿನ ನರ್ಸಿಗೆ ತಿಳಿಯದು, ಬಂದದ್ದು ತವರಿನ ನರ್ಸಿಗೆ ತಿಳಿಯದು. ನಡುವೆ ಬಿ.ಪಿ. ಏರಿದರೆ ದೇವರೇ ಗತಿ. ಸಿಸ್ಟರ್ ಕರೆಯದಿದ್ದರೂ ಕುಬಸಕ್ಕೆ ಹೋಗಿ, ಹೋಳಿಗೆ ಉಂಡು, ತವರು ಯಾವುದೆಂದು ಕೇಳಿ, ಅಲ್ಲಿಂದಲೇ ಆ ಊರಿನ ನರ್ಸಿಗೆ ಫೋನ್ ಹಚ್ಚುತ್ತಿದ್ದರು. ನಮ್ಮ ಚೀಕಲಪರ್ವಿಯಿಂದ ಹೊರಟ ಹುಡುಗಿ ದೇವದುರ್ಗ ತಾಲೂಕಿನ ಗೂಗಲ್ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು. "ಹೊಟ್ಟ್ಯಾಗಿನ ಕೂಸಿಗಿ ಮಾನ್ವಿ ಯಾವುದು, ದೇವದುರ್ಗ ಯಾವುದು ಗೊತ್ತದೇನವಾ?" ಎನ್ನುತ್ತಿದ್ದರು. ಇನ್ನೊಂದು ಮಾತನ್ನೂ ತಪ್ಪದೆ ಹೇಳುತ್ತಿದ್ದರು: "ಸಾವಾದ ಮನ್ಯಾಗ ಕುಬಸ ಮಾಡಂಗಿಲ್ಲ, ಸುಮ್ನ ಕಳಿಸಿಬಿಡ್ತಾರ. ಅಂಥ ಮನಿ ಮೊದಲ ನೋಡು."

ಇದನ್ನೆಲ್ಲ ನಮ್ಮ ಸಾಹೇಬರು, ತಾಲೂಕಿನ ಆರೋಗ್ಯಾಧಿಕಾರಿ, ಕೇಳಿಸಿಕೊಂಡರು. ರಾಯಚೂರಿನ ದೊಡ್ಡ ಸಭೆಯಲ್ಲಿ 'ನನ್ನ ಯೋಜನೆ' ಎಂದು ಪರದೆಯ ಮೇಲೆ ತೋರಿಸಿ ಶಾಲು ಹೊದಿಸಿಕೊಂಡರು. ಉಂಡೂ ಹೋದ, ಕೊಂಡೂ ಹೋದ ಅಂತಾರಲ್ಲ, ಹಾಗೆ! ಹಿಂದಿನ ಸಾಲಿನಲ್ಲಿ ಸಿಸ್ಟರ್ ಪಕ್ಕ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು.

"ಎದ್ದು ನಂದು ಅಂತ ಹೇಳ್ರಿ, ಅಕ್ಕಾ," ಎಂದೆ.

"ಹೆಸರು ಬ್ಯಾಡ ಅನ್ನಂಗಿಲ್ಲ ನಾ, ಬೇಕು. ಹೊಟ್ಟಿ ಉರೀತದ. ಆದರ ಕುಬಸ ಮಾಡಲಾರದ ಮನಿ ಮಾತು ಬಿಟ್ಟಾರ ನೋಡು, ಅದು ಮೊದಲು ಹೇಳಬೇಕು."

ಸಭೆ ಮುಗಿದ ಮೇಲೆ ಹೋಗಿ ಹೇಳಿದರು. ಸಾಹೇಬರು ನಕ್ಕು, "ಎಲ್ಲಾ ಅದ ತಗೋರಿ ಸಿಸ್ಟರ್, ಊಟ ಮಾಡ್ರಿ ಹೋಗ್ರಿ," ಎಂದರು. ಸುತ್ತೋಲೆ ಬಂತು. ಕುಬಸವಾದ ಕೂಡಲೇ ಫೋನ್ ಮಾಡತಕ್ಕದ್ದು ಎಂದಷ್ಟೇ ಅದರಲ್ಲಿತ್ತು.

ಮರುವರ್ಷ, ಸಿಸ್ಟರ್ ನೋಡಿಕೊಳ್ಳದ ಬೇರೊಂದು ಊರಿನಲ್ಲಿ ಮಾವ ತೀರಿಹೋದ ಮನೆಯ ಸೊಸೆಯೊಬ್ಬಳು ಕುಬಸವಿಲ್ಲದೆ ತವರಿಗೆ ಹೋದಳು. ಯಾರೂ ಫೋನ್ ಮಾಡಲಿಲ್ಲ. ಬಿ.ಪಿ. ಏರಿ ಫಿಟ್ಸ್ ಬಂದು, ರಾಯಚೂರಿಗೆ ಒಯ್ಯುವ ದಾರಿಯಲ್ಲೇ ತಾಯಿ, ಕೂಸು ಇಬ್ಬರೂ ಹೋದರು. ವಿಚಾರಣೆಗೆ ಬಂದವರ ಮುಂದೆ ಸಾಹೇಬರು ಸಿಸ್ಟರ್ ಕಡೆ ಬೆರಳು ತೋರಿಸಿದರು. "ಈ ಪದ್ಧತಿ ನಂದಲ್ಲರೀ, ಇವರ ತಲಿಯಿಂದ ಬಂದದ್ದು."

ಸಿಸ್ಟರ್ ಎದ್ದು ನಿಂತರು.

"ಹೌದ್ರೀ, ನಂದ. ಪೂರಾ ಕೇಳಿದ್ರ ಆ ಹುಡುಗಿ ಉಳೀತಿದ್ಲು."

ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ನೋಟಿಸ್ ಬಂದದ್ದು ಅವರಿಗೆ, ದೂರದ ಊರಿಗೆ ವರ್ಗವಾದದ್ದೂ ಅವರೇ. ಅಲ್ಲಿಂದ ನಿವೃತ್ತರಾಗಿ ಬಂದು ಹೆಚ್ಚು ಕಾಲ ಬದುಕಲಿಲ್ಲ. ಮಣ್ಣಿಗೆ ಕಚೇರಿಯಿಂದ ಒಂದು ಹಾರವೂ ಬರಲಿಲ್ಲ.

ಈಗ ದೇವದುರ್ಗದಲ್ಲಿ ಹೊಸ ನರ್ಸುಗಳಿಗೆ ನಾನು ಕಲಿಸುತ್ತೇನೆ. ಸುತ್ತೋಲೆಯ ಕೆಳಗೆ ಇಂದಿಗೂ ಸಾಹೇಬರ ಹೆಸರೇ ಇದೆ, ಸಾವಿನ ಮನೆಯ ಮಾತು ಇಂದಿಗೂ ಇಲ್ಲ. ಅದನ್ನು ನಾನು ಬಾಯಲ್ಲೇ ಹೇಳುತ್ತೇನೆ. ಹೇಳುವ ಮೊದಲು ಸಿಸ್ಟರ್ ಹೆಸರು ಹೇಳುತ್ತೇನೆ.