ಸವೆದ ವೀಲು

ಪಕ್ಕದ ಮನೆಯ ಅಂಗಳದಿಂದ ಗ್ರೈಂಡರಿನ ಸದ್ದು ಬರುತ್ತಿತ್ತು. ಅಣ್ಣ ಅಲ್ಲಿ ಗೇಟಿನ ಪೈಪು ಕತ್ತರಿಸುತ್ತಿದ್ದ. ಹಾಲಿಟ್ಟು ಒಲೆಯ ಮುಂದೆ ನಿಂತಿದ್ದ ಅತ್ತಿಗೆ ಕಿಟಕಿಗೆ ಬಂದರು. ಮತ್ತೆ ಒಲೆಗೆ ಹೋದರು. ಮತ್ತೆ ಕಿಟಕಿಗೆ.

“ಮೆಷಿನ್ನು ಚಿಕ್ಕದು, ಆದ್ರೆ ಕೂಗು ಸರಿಯಿಲ್ಲ ಕಣೇ,” ಎಂದರು.

ನನ್ನ ಕಿವಿಯನ್ನು ಎಲ್ಲ ಮೆಷಿನ್ನುಗಳೂ ಒಂದೇ ತರ ಕೊರೆಯುತ್ತವೆ.

ಅತ್ತಿಗೆ ಕಟ್ಟಡದ ಕೆಲಸಕ್ಕೆ ಸೇರಿದ್ದು ಇಟ್ಟಿಗೆ ಹೊರಲು. ಈಗ ಅಲ್ಲಿನ ಸ್ಟೋರು ಅವರ ಕೈಯಲ್ಲಿದೆ. ಡ್ರಿಲ್ಲು, ಗರಗಸ, ಗ್ರೈಂಡರು, ಯಾವುದು ಹೊರಗೆ ಹೋಗಬೇಕಾದರೂ ಮೊದಲು ಅದರ ವೈರು ಪೂರ್ತಿ ಅವರ ಬೆರಳುಗಳ ನಡುವೆ ಹಾದುಹೋಗಬೇಕು. ಆಮೇಲೆ ಮನುಷ್ಯನ ಸರದಿ. ಅಂಗಿಯ ತೋಳು ಜೋಲುತ್ತಿದೆಯೇ, ಕನ್ನಡಕ ತಂದಿದ್ದಾನೆಯೇ, ಕಣ್ಣು ಯಾಕೆ ಕೆಂಪಗಿದೆ. “ರಾತ್ರಿ ಮಲಗಿದ್ಯೋ, ಇಲ್ಲ ಹೆಂಡತಿ ಜೊತೆ ಜಗಳ ಕಾಯ್ತಾ ಕೂತಿದ್ಯೋ?” ಎಂದು ಕೇಳುತ್ತಾರೆ. ಜಗಳವಾಡಿ ಬಂದವನಿಗೆ ಅವತ್ತು ಗರಗಸವಿಲ್ಲ, ಮರಳು ಜರಡಿ ಹಿಡಿಯುವ ಕೆಲಸ. ಸೈಟಿನವರು ಅವರಿಗಿಟ್ಟ ಹೆಸರು ಬ್ರೇಕಕ್ಕ.

ಆ ಹೆಸರು ಅಣ್ಣನಿಗೂ ಇಷ್ಟ. ಬ್ರೇಕು ತನ್ನ ಮೇಲೆ ಬೀಳುವುದಷ್ಟೇ ಇಷ್ಟವಿಲ್ಲ.

ಹಾಲು ಕಾಯುವ ಮೊದಲೇ ಒಲೆ ಆರಿಸಿ ಅತ್ತಿಗೆ ಹೊರಟರು. ನಾನೂ ಹಿಂದೆ ಹೋದೆ.

ಅವರು ಹೆದರಿದ್ದೇ ಆಗಿತ್ತು. ದೊಡ್ಡ ಗ್ರೈಂಡರಿನ ಕತ್ತರಿಸುವ ವೀಲು ಸವೆದು ಚಿಕ್ಕದಾದರೆ ಎಸೆಯಲು ಈ ಕೆಲಸದವರಿಗೆ ಮನಸ್ಸು ಬರುವುದಿಲ್ಲ. ಚಿಕ್ಕ ಗ್ರೈಂಡರಿಗೆ ಹಾಕಿಕೊಳ್ಳುತ್ತಾರೆ. ಅದು ಚೂರು ಸಿಡಿಯದಂತೆ ತಡೆಯುವ ಗಾರ್ಡಿಗೆ ತಾಗುತ್ತದೆ, ಆಗ ಗಾರ್ಡನ್ನೇ ಬಿಚ್ಚಿಡುತ್ತಾರೆ. ಅಣ್ಣನ ಕಾಲ ಬಳಿ ಗಾರ್ಡು ಬೇಡವಾದ ತಗಡಿನಂತೆ ಬಿದ್ದಿತ್ತು.

“ರೀ, ನಿಲ್ಲಿಸ್ರೀ!”

ಸದ್ದು ನಿಂತಿತು. “ಬಂದ್ಳಪ್ಪಾ ಇನ್ಸ್‌ಪೆಕ್ಟರು,” ಎಂದು ಅಣ್ಣ ಪಕ್ಕದ ಮನೆಯ ಅಜ್ಜನಿಗೆ ಕಣ್ಣು ಮಿಟುಕಿಸಿದ.

“ಆ ವೀಲು ನಿಧಾನ ತಿರುಗೋ ದೊಡ್ಡ ಮೆಷಿನ್ನಿಂದು. ಇದರ ಓಟ ಅದು ತಡೆಯಲ್ಲ. ಒಡೆದ್ರೆ ಚೂರು ಎಲ್ಲಿಗೆ ಬರುತ್ತೆ ಗೊತ್ತಲ್ವಾ?”

“ಇಷ್ಟು ವರ್ಷ ಒಡೆದಿಲ್ವಲ್ಲೇ.”

“ಒಡೆದಿದೆ ಅಂತ ಬಂದು ಹೇಳೋಕೆ ಮುಖ ಉಳಿದಿರಬೇಕಲ್ಲ!”

ಅಜ್ಜ ಕುರ್ಚಿಯಲ್ಲೇ ಕುಲುಕಿ ನಕ್ಕರು. “ಬಿಡಮ್ಮಾ, ನನ್ನ ಗೇಟೊಂದು ಮುಗೀಲಿ. ಆಮೇಲೆ ಗಂಡನ್ನ ಬೀರುವಿನಲ್ಲಿಟ್ಟು ಬೀಗ ಹಾಕ್ಕೋ.”

ಅಣ್ಣನೂ ನಕ್ಕ. “ಇನ್ನೊಂದೇ ಪೈಪು,” ಎಂದು ಮಂಡಿಯೂರಿ, ಮುಖವನ್ನು ವೀಲಿನ ನೇರಕ್ಕೆ ತಂದ.

ಸೈಟಿನಲ್ಲಾಗಿದ್ದರೆ ಅತ್ತಿಗೆ ಮೆಷಿನ್ನನ್ನು ಕಿತ್ತುಕೊಂಡು ಆಗಿರುತ್ತಿತ್ತು. ಇಲ್ಲಿ ಇನ್ನೊಬ್ಬರ ಅಂಗಳ, ಎದುರಿಗೆ ಹಿರಿಯರು, ಕೈ ಗಂಡನದು. ಒಲೆಯ ಬಳಿಯಿಂದ ಕೈಯಲ್ಲೇ ತಂದಿದ್ದ ಮಸಿಬಟ್ಟೆಯನ್ನು ಹಿಂಡಿದರು, ಬಿಡಿಸಿದರು, ಮತ್ತೆ ಹಿಂಡಿದರು. ಅಣ್ಣನ ಹೆಬ್ಬೆರಳು ಸ್ವಿಚ್ಚಿನ ಕಡೆ ಸರಿಯಿತು.

ಅತ್ತಿಗೆ ನನ್ನ ಕಡೆ ತಿರುಗಿದರು. “ನೀನೇ ಹೇಳು, ಊರವರ ಕೈಕಾಲೆಲ್ಲ ನೋಡಿ ಕಳಿಸೋಳು ನಾನು, ಇವರದೊಂದು ಮುಖ ಉಳಿಸೋಕೆ ನಾಚ್ಕೊಂಡು ಇಲ್ಲಿ ನಿಂತು…” ಎನ್ನುತ್ತಲೇ ಅಜ್ಜನ ಹೊಸಿಲು ದಾಟಿ, ಪ್ಲಗ್ಗು ಕೀಳಲು ಒಳಗೆ ನಡೆದೇಬಿಟ್ಟರು.