ಚರಗದ ಬುಟ್ಟಿ ಮತ್ತು ಡಕೋಟಾದ ನೆರಳು

ನಾನು ನಿಂತದ್ದು ನಮ್ಮ ಹೊಲದ ಪಡುವಣ ಬದುವಿನ ಮೇಲೆ, ಉತ್ತರಕ್ಕೆ ಮುಖ ಮಾಡಿ. ಮೂಲೆ ಇನ್ನೂ ನಲವತ್ತು ಹೆಜ್ಜೆ ದೂರವಿತ್ತು. ಐದು ವರ್ಷದ ಹಿಂದಿನ ಎಳ್ಳಮಾವಾಸ್ಯೆ, ಮಧ್ಯಾಹ್ನ ಹನ್ನೆರಡೂ ಇಪ್ಪತ್ತು. ಗಡಿಯಾರ ನೋಡಿದ್ದು ವಿಮಾನದ ಸದ್ದು ಅಡಗಿದ ಮೇಲೆ, ಆದ್ದರಿಂದ ಒಂದೆರಡು ನಿಮಿಷ ಹೆಚ್ಚುಕಡಿಮೆ ಇರಬಹುದು. ಹೊಲ ಅಣ್ಣಿಗೇರಿಯಿಂದ ನವಲಗುಂದದ ಕಡೆ ಹೋಗುವ ರಸ್ತೆಗೆ ಹತ್ತಿರ. ಎರೆಭೂಮಿ. ಬಿಳಿಜೋಳ ಎದೆಮಟ್ಟ ಬೆಳೆದಿತ್ತು.

ಕೈಯಲ್ಲಿ ಚರಗದ ಬುಟ್ಟಿ ಇತ್ತು. ಹಬ್ಬದ ಅಡಿಗೆಯನ್ನೆಲ್ಲ ಕಲಸಿ, ಹೊಲ ಸುತ್ತುತ್ತ ಭೂಮಿಗೆ ಚೆಲ್ಲುವುದು ಚರಗ. ಮುಂದಿನವನು ‘ಹುಲ್ಲುಲ್ಲಿಗೋ’ ಎಂದು ಚೆಲ್ಲುತ್ತಾನೆ. ಹಿಂದಿನವನು ‘ಚಲಾಂಬರಿಗೋ’ ಎಂದು ತಂಬಿಗೆಯ ನೀರು ಚಿಮುಕಿಸುತ್ತಾನೆ. ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿದೆ. ಸುತ್ತು ಮುಗಿಯುವವರೆಗೆ ಬುಟ್ಟಿ ಹಿಡಿದವನು ತಿರುಗಿ ಹಿಂದೆ ನೋಡಬಾರದು. ತಂಬಿಗೆ ಹಿಡಿದವನಿಗೆ ಅದಿಲ್ಲ.

ಆ ದಿನ ಬುಟ್ಟಿ ನನ್ನ ಕೈಗೆ ಬರಬೇಕಾಗಿರಲಿಲ್ಲ. ಅಪ್ಪ ತೀರಿದ ಮೇಲೆ ಒಕ್ಕಲುತನ ತಮ್ಮನದು, ಚರಗವೂ ಅವನದೇ. ನಾನು ಧಾರವಾಡದಲ್ಲಿ ಮಾಸ್ತರಿಕೆ ಮಾಡಿಕೊಂಡು ಹಬ್ಬಕ್ಕೊಮ್ಮೆ ಬಂದು ಉಂಡು ಹೋಗುವವನು. ಎಷ್ಟೋ ವರ್ಷ ತಂಬಿಗೆ ಹಿಡಿದು ಅವನ ಬೆನ್ನು ನೋಡುತ್ತ ನಡೆದಿದ್ದೆ. ಬಾಜು ಹೊಲದವರು ಮಳೆ, ಬೀಜ, ಎತ್ತು ಎಂದು ಅವನನ್ನೇ ಮಾತಾಡಿಸುತ್ತಿದ್ದರು. ನನಗೆ ಬೀಗರಿಗೆ ಮಾಡುವ ಹಾಗೆ ನಮಸ್ಕಾರ ಮಾಡುತ್ತಿದ್ದರು. ಆ ವರ್ಷ ಬನ್ನಿಗಿಡದ ಬುಡದಲ್ಲಿ ಪೂಜೆ ಮುಗಿದೊಡನೆ, ಹಿರೇಮಗ ನಾನಲ್ಲವೇ ಎಂದು ಬುಟ್ಟಿಗೆ ಕೈ ಹಾಕಿದೆ. ತಮ್ಮ, “ತಗೋ ಅಣ್ಣಾ, ಅದಕ್ಕೇನಾತು,” ಎಂದು ತಂಬಿಗೆ ಎತ್ತಿಕೊಂಡ.

ನನ್ನ ಹುಚ್ಚಿನ ವಿಷಯ ಇಲ್ಲಿಯೇ ಹೇಳಬೇಕು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ನಿವೃತ್ತ ಸಿಪಾಯಿಯೊಬ್ಬರು, ಹಿಮದ ಗುಡ್ಡದ ಠಾಣೆಗಳಿಗೆ ಡಕೋಟಾ ವಿಮಾನದ ಬಾಗಿಲಿನಿಂದ ಅಕ್ಕಿಚೀಲ ನೂಕಿದ್ದನ್ನು ಹೇಳಿ, ಕಟ್ಟೆಯ ಮೇಲೆ ಇದ್ದಲಿಯಿಂದ ಅದರ ಚಿತ್ರ ಬರೆದು ತೋರಿಸಿದ್ದರು. ಮೂಗು ಮೇಲೆ, ಬಾಲ ನೆಲಕ್ಕೆ, ಕೂತ ನಾಯಿಯ ಹಾಗೆ. ಅಂದಿನಿಂದ ಹಳೆಯ ಯುದ್ಧವಿಮಾನಗಳು ನನ್ನನ್ನು ಬಿಟ್ಟಿಲ್ಲ. ಪತ್ರಿಕೆಯ ಚಿತ್ರ ಕತ್ತರಿಸಿ ಒಂದು ಟ್ರಂಕು ತುಂಬಿಸಿದೆ. ಫೋನು ಬಂದ ಮೇಲೆ ಎಂಜಿನ್ನುಗಳ ಸದ್ದು ಕೇಳಿ ಕೇಳಿ ಗುರುತು ಮಾಡಿಕೊಂಡೆ. ಬೆಂಗಳೂರಿನಲ್ಲಿ ನಿಲ್ಲಿಸಿಟ್ಟ ಹಳೆಯ ವಿಮಾನವೊಂದರ ಗಾಲಿಯ ರಬ್ಬರು ಮುಟ್ಟಿ ಬಂದಿದ್ದೆ. ಹಾರುವ ಡಕೋಟಾ ಮಾತ್ರ ನೋಡಿರಲಿಲ್ಲ. ಒಂದನ್ನು ದುರಸ್ತಿ ಮಾಡಿ ಮತ್ತೆ ಹಾರಿಸುತ್ತಿದ್ದಾರೆಂದು ಓದಿದ್ದೆ, ಅಷ್ಟೇ.

ಸದ್ದು ಬೆನ್ನ ಹಿಂದಿನಿಂದ ಬಂತು. ಹುಬ್ಬಳ್ಳಿಗೆ ಇಳಿಯುವ ವಿಮಾನಗಳ ಸದ್ದು ನನಗೆ ಗೊತ್ತು, ಇದು ಅದಲ್ಲ. ಎರಡು ಹಿಟ್ಟಿನ ಗಿರಣಿ ಜೊತೆಗೆ ಓಡಿದಂತೆ, ಒಂದರ ಸದ್ದು ಇನ್ನೊಂದರೊಳಗೆ ಏರಿ ಇಳಿಯುತ್ತಿತ್ತು. ಗುರುತು ಹತ್ತಿತು. ಅಲ್ಲೇ ನಿಂತೆ. ತಿರುಗಲಿಲ್ಲ. ದೇವರ ಕೆಲಸ ಎಂದು ಆಮೇಲೆ ನನಗೇ ಹೇಳಿಕೊಂಡೆ, ಅದು ಪೂರ್ತಿ ನಿಜವಲ್ಲ. ಹಿಂದೆ ತಮ್ಮನಿದ್ದ. ಕಸಿದುಕೊಂಡ ಬುಟ್ಟಿಯ ಕಟ್ಟುಪಾಡನ್ನು ಅವನ ಕಣ್ಣೆದುರೇ ಮುರಿಯಲು ನನಗಾಗಲಿಲ್ಲ.

ಸೂರ್ಯ ದಕ್ಷಿಣಕ್ಕಿರುವ ಕಾಲ, ಹಿಂದೆ ಹಾರಿದ್ದರ ನೆರಳು ನನ್ನ ಮುಂದೆ ಬಿತ್ತು. ಬಲಗಡೆಯ ಜೋಳದ ತೆನೆಗಳ ಮೇಲೆ ಓಡಿಬಂದು, ಹತ್ತು ಹೆಜ್ಜೆ ಮುಂದೆ ಬದು ದಾಟಿ, ಎಡಗಡೆ, ಬಾಜು ಹೊಲದ ಮುದುಕ ಕತ್ತೆತ್ತಿ ನಿಂತಿದ್ದ ಕಡಲೆ ಹೊಲದಲ್ಲಿ ಬಾಗಿ ಹೋಯಿತು. ಅಗಲ ರೆಕ್ಕೆ, ದಪ್ಪ ಮೈ. ನಾನು ನೋಡಿದ್ದು ಅಷ್ಟು.

ಸುತ್ತು ಮುಗಿಸಿ ಬುಟ್ಟಿ ಇಳಿಸಿದಾಗ ತಮ್ಮ ನಗುತ್ತಿದ್ದ. “ಅಣ್ಣಾ, ಅಗದಿ ಹಳೇದಿತ್ತು ನೋಡ. ಗಬ್ಬದ ಎಮ್ಮಿ ಹೊಟ್ಟಿ ಇದ್ದಂಗ ಹೊಟ್ಟಿ.” ಆಗ್ನೇಯದಿಂದ ಬಂದು ಹುಬ್ಬಳ್ಳಿಯ ಕಡೆ ತಿರುಗಿತಂತೆ. ಬಾಲದಲ್ಲಿ ಸಣ್ಣ ಗಾಲಿ ಇತ್ತೇ ಎಂದು ಕೇಳಿದೆ. ಇದ್ದೀತು ಎಂದ. ಬಣ್ಣ ಕೇಳಿದರೆ ಬೂದಿ ಎಂದ, ಊಟಕ್ಕೆ ಕೂತಾಗ ಬೆಳ್ಳಿ ಎಂದ. ಬನ್ನಿಗಿಡದ ಹತ್ತಿರ ಬುತ್ತಿ ಬಿಚ್ಚುತ್ತಿದ್ದ ಅವನ ಹೆಂಡತಿ ಇನ್ನೂ ಹೆಚ್ಚು ನೋಡಿದ್ದಳು. ಕಿಟಕಿಯಲ್ಲಿ ಯಾರೋ ಕೈ ಮಾಡಿದರಂತೆ, ಅವಳು ರೊಟ್ಟಿ ಕಟ್ಟಿದ ಬಟ್ಟೆ ಬೀಸಿದಳಂತೆ. ಅದನ್ನು ಹೇಳುತ್ತಲೇ ನನಗೆ ಎಣ್ಣೆಗಾಯಿ ಬಡಿಸಿದಳು. ಗಿಡುಗಕ್ಕೂ ವಿಮಾನಕ್ಕೂ ಕತ್ತೆತ್ತದ ಇಬ್ಬರಿಗೆ ಅದು ಸಿಕ್ಕಿತ್ತು.

ಹಳೆಯ ವಿಮಾನಗಳ ಹುಚ್ಚಿನವರದೊಂದು ಗುಂಪು ನನ್ನ ಫೋನಿನಲ್ಲಿದೆ. ಆ ಸಂಜೆ ಅದರಲ್ಲಿ ಬರೆದೆ: ಹೊಟ್ಟೆ, ರೆಕ್ಕೆ, ಕಿಟಕಿಯ ಕೈ, ಎಲ್ಲವನ್ನೂ ನಾನೇ ನೋಡಿದೆನೆಂದು. ಬಣ್ಣ ಮಾತ್ರ ಬಿಟ್ಟೆ. ಎಲ್ಲರೂ ಹೊಟ್ಟೆಕಿಚ್ಚುಪಟ್ಟರು. ನಾಲ್ಕು ವರ್ಷ ಆ ಹೊಟ್ಟೆಕಿಚ್ಚನ್ನು ಉಂಡು ಸುಖವಾಗಿದ್ದೆ.

ಹೋದ ವರ್ಷ ಗುಂಪಿನ ಡಾಕ್ಟರೊಬ್ಬರು ಬೆಳಗಾವಿಯಿಂದ ಹೊಲ ನೋಡಲು ಬಂದರು. ಬದುವಿನ ಮೇಲೆ ನಿಂತು, ನೀವೂ ನೋಡಿದಿರಾ ಎಂದು ತಮ್ಮನನ್ನು ಕೇಳಿದರು. ತಮ್ಮ ನನ್ನ ಮುಖ ನೋಡಿ, “ಹೌದ್ರಿ. ಮೊದ್ಲ ನೋಡಿದಾಂವ ಅಣ್ಣಾನ. ನಾ ಆಮ್ಯಾಲ ಕತ್ತ ಎತ್ತಿದೆ,” ಎಂದ.

ಕಾರು ಹೋದ ಮೇಲೆ, ಹಂಗ್ಯಾಕ ಹೇಳಿದಿ ಎಂದು ಅವನ ಮೇಲೆಯೇ ಸಿಟ್ಟಾದೆ.

“ಬುಟ್ಟಿ ಬೇಕಂದಿ, ಕೊಟ್ಟೆ. ಇದೂ ಬೇಕಾಗಿತ್ತು, ಕೊಟ್ಟೆ,” ಎಂದ. “ನನಗೇನ್ ಮಾಡೂದದ ಅದು? ಹಾರಿ ಹೋದ ವಿಮಾನ.”

ಅವನು ಬಯ್ದಿದ್ದರೆ ತಡೆಯಬಹುದಿತ್ತು. ನಾನು ಜೀವನವಿಡೀ ಕಾದದ್ದು ಅವನಿಗೆ ಎತ್ತಿ ಕೊಡುವಷ್ಟು ಹಗುರವಾಗಿತ್ತು. ಮೂರು ದಿನ ಬಿಟ್ಟು ಗುಂಪಿನಲ್ಲಿ ಇದ್ದದ್ದನ್ನು ಬರೆದೆ: ನಾನು ನೋಡಿದ್ದು ನೆರಳು. ಡಾಕ್ಟರು ತಮ್ಮನ ನಂಬರು ಕೇಳಿದರು. ಕೊಟ್ಟೆ. ಈಗ ಅವರು ಅವನಿಗೇ ಫೋನು ಮಾಡುತ್ತಾರೆ. ಅವನು ಎತ್ತಿಗೆ ಮೇವು ಹಾಕುತ್ತ ಗಬ್ಬದ ಎಮ್ಮೆಯ ಮಾತು ಹೇಳುತ್ತಾನೆ. ನಾನು ಊರಿಗೆ ಬಂದಾಗ ಫೋನು ಬಂದರೆ, ಅದನ್ನು ಕೇಳಿಸಿಕೊಳ್ಳಲಾರದೆ ಎದ್ದು ಹೊರಗೆ ಹೋಗುತ್ತೇನೆ.

ಅಂದು ವಿಮಾನವನ್ನು ಕಣ್ಣಾರೆ ನೋಡಿದವರು ಮೂವರು. ಕಡಲೆ ಹೊಲದ ಮುದುಕ ಮರುವರ್ಷ ತೀರಿಕೊಂಡ. ಅವನನ್ನು ಕೇಳುವುದು ಉಳಿದೇ ಹೋಯಿತು. ತಂಬಿಗೆ ಹಿಡಿದಿದ್ದ ನನ್ನ ತಮ್ಮ ಇದ್ದಾನೆ. ಬಟ್ಟೆ ಬೀಸಿದ ಅವನ ಹೆಂಡತಿ ಇದ್ದಾಳೆ.